ಕಂಡೊಡನೆ ಓದುವ ಕಲೆ

ಅಕ್ಷರ ಬಲ್ಲವರೆಲ್ಲರೂ ಓದಬಲ್ಲರೆಂದು ನಾವು ಸಾಮಾನ್ಯವಾಗಿ ಭಾವಿಸಿರುತ್ತೇವೆ. ಆದರೆ ಕಣ್ಣಿನಿಂದ ಓದುವುದು ಒಂದು; ಬಾಯಿಂದ ಓದುವುದು ಇನ್ನೊಂದು; ಹಿಂದೆಂದೂ ಕಾಣದ ಬರಹವನ್ನು ಕಂಡೊಡನೆ, ಕೇಳುವವರಿಗೆ ಅದು ಓದೆಂದು ತೋರದೆ ಮಾತೆಂದೇ ತೋರುವಂತೆ ನುಡಿಯುವುದು ಮತ್ತೊಂದು. ಈ ಮೂರನೆಯದು ಒಂದು ಕಲೆ. ನಾಟಕಕ್ಕಾಗಲಿ, ಬಾನುಲಿಗಾಗಲಿ, ಚಲಚ್ಚಿತ್ರಕ್ಕಾಗಲಿ ನಟರನ್ನು ಆರಿಸುವವರು ಅನೇಕ ವೇಳೆ ಅಭ್ಯರ್ಥಿಯ ಕೈಗೆ ಒಂದು ಹಾಳೆಯನ್ನು ಕೊಟ್ಟು, "ಓದಿರಿ" ಎನ್ನುವರು. ಆ ಒಂದು ಹಾಳೆಯ ಮುಂದೆ ಎಷ್ಟೋ ಮಂದಿ ಬಲ್ಲವರೂ ತಡವರಿಸಿ ಹಿಂದಿರುಗುವುದುಂಟು. ಮನೆಯಲ್ಲಿ ಕುಳಿತು ಕಲಿಯಬಹುದಾದ ಈ ವಿದ್ಯೆಯ ವಿಷಯವಾಗಿ ಗೃಹಸ್ಥರಾದ ವಾಚಕರಲ್ಲಿ ನಾಲ್ಕು ಮಾತುಗಳನ್ನು ಅರಿಕೆಮಾಡಬೇಕೆಂದು ನಮ್ಮ ಬಯಕೆ.

ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ಹೊರಟ ರೈಲು ಪಾಪಿನಾಯಕನಹಳ್ಳಿಯ ನಿಲ್ದಾಣವನ್ನು ಹಾದುಹೋಗುವುದು. ಸುತ್ತಲಿನ ಸೀಮೆ ಕಬ್ಬಿಣದ ಅದಿರಿನದು. ಅದಿರಿನ ಕೆಂಪು ಧೂಳು ದಾರಿಯ ಮರಗಳ ಎಲೆಯ ಮೇಲೂ ಮನೆಗಳ ಮಾಡಿನ ಮೇಲೂ ಕುಳಿತಿರುವುದು. ಈ ಸೀಮೆಯು ಮೊದಲು ಬಳ್ಳಾರಿ ಜಿಲ್ಲೆಗೆ ಸೇರಿದ್ದು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಬಯಲಾಟಕ್ಕೆ ಇದು ತವರು. ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ಅಟ್ಟ ಕಟ್ಟಿ, ಕಿರೀಟ ಭುಜಕೀರ್ತಿಗಳನ್ನು ಧರಿಸಿ, ಬೆಳಗಾಗುವವರೆಗೂ ಭಾರತದ ಕಥೆಯನ್ನು ಆಡುವ ಜನರು ಇಲ್ಲಿ ಇಂದಿಗೂ ಇದ್ದಾರೆ.

ಅಂತಹ ಒಂದು ಮನೆಯ ಹುಡುಗನನ್ನು ನಾವು ಬಲ್ಲೆವು. ಅಭಿಮನ್ಯುವಿನ ವೇಷವನ್ನು ಅವನು ಹದಿನೇಳನೆಯ ವಯಸ್ಸಿಗೇ ಕಟ್ಟಿದ್ದನು. ರಾತ್ರಿಯಿಡೀ ನಡೆಯುವ ಆಟದಲ್ಲಿ ಹಾಡು, ಮಾತು, ಕುಣಿತ ಯಾವುದರಲ್ಲಿಯೂ ಅವನು ತಪ್ಪಿದ್ದನ್ನು ನಾವು ಕಾಣೆವು. ಪಾಠವನ್ನೆಲ್ಲ ಅವನು ಕಲಿತದ್ದು ತಾಲೀಮಿನಲ್ಲಿ, ಮಾಸ್ತರರ ಬಾಯಿಂದ. ಹೀಗಿರಲು ಒಂದೂರಿನಲ್ಲಿ ನಟರನ್ನು ಆರಿಸುವರೆಂಬ ಪ್ರಕಟಣೆಯನ್ನು ಕಂಡು, ತಂದೆಯು ಸಾಲ ಮಾಡಿ ಕೊಟ್ಟ ದಾರಿಯ ಖರ್ಚನ್ನು ತೆಗೆದುಕೊಂಡು ಅವನು ಹೊರಟನು. ಅಲ್ಲಿ ಅವನನ್ನು ಯಾರೂ ಅಭಿಮನ್ಯುವಿನ ಮಾತನ್ನು ಕೇಳಲಿಲ್ಲ. ಎರಡು ಹಾಳೆಗಳನ್ನು ಕೊಟ್ಟು, ಐದು ನಿಮಿಷ ಬಿಟ್ಟು ಬಂದು ಓದಬೇಕೆಂದರು. ಅದು ಹೊಲ ಮಾರುವ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ನಡೆದ ಜಗಳ. ತಮ್ಮನ ಮಾತು ಹೀಗಿತ್ತು: "ನೀವು ಹೇಳಿದಿರೆಂದು ನಾನು ಈ ಕಾಗದಕ್ಕೆ ರುಜು ಹಾಕುತ್ತೇನೆಂದು ತಿಳಿಯಬೇಡಿ." ಹುಡುಗನು ಐದು ನಿಮಿಷವನ್ನೂ ಮೊದಲನೆಯ ಹಾಳೆಯನ್ನು ಬಾಯಿಪಾಠ ಮಾಡುವುದರಲ್ಲಿ ಕಳೆದನು. ಓದುವ ಸಮಯ ಬಂದಾಗ, "ರುಜು ಹಾಕುತ್ತೇನೆ" ಎಂಬಲ್ಲಿಯವರೆಗೆ ವಿನಯದಿಂದ ಓದಿದನು. "ತಿಳಿಯಬೇಡಿ" ಎಂಬುದು ಎದುರಾದಾಗ ಗಾಬರಿಗೊಂಡು ನಿಂತನು. ಮುಂದೆ ಆವರಣದೊಳಗೆ ಬರೆದಿದ್ದ "ಕೋಪದಿಂದ" ಎಂಬುದನ್ನೂ ಮಾತೆಂದು ತಿಳಿದು ಓದಿಬಿಟ್ಟನು. ಯಾರೋ ನಕ್ಕರು. ಎರಡನೆಯ ಹಾಳೆಗೆ ಹೋಗುವ ಮೊದಲೇ "ಸಾಕು" ಎಂದರು.

ಊರಿಗೆ ಬಂದ ಮೇಲೆ, ತನಗೆ ನಟನೆಯೇ ಬಾರದೆಂದು ಅವನು ನಿಶ್ಚಯಿಸಿಕೊಂಡನು. ಮುಂದಿನ ಆಟಕ್ಕೆ ಬಣ್ಣ ಹಚ್ಚುವುದಿಲ್ಲವೆಂದೂ ಹೇಳಿದನು. ನಮಗೆ ಇದು ವ್ಯಸನವನ್ನುಂಟುಮಾಡಿತು. ಅವನಿಗೆ ನಟನೆ ಬಾರದೆಂಬುದು ಸುಳ್ಳು. ಓದು ಬಾರದೆಂಬುದೂ ಸುಳ್ಳು. ಓದನ್ನು ಮಾತಾಗಿಸುವ ಅಭ್ಯಾಸವೊಂದು ಅವನಿಗೆ ಇರಲಿಲ್ಲ, ಅಷ್ಟೆ. ಅದನ್ನು ಅವನಿಗೆ ಯಾರೂ ಕಲಿಸಿರಲೂ ಇಲ್ಲ.

ನಮ್ಮ ರಂಗಭೂಮಿಯು ಬಹುಕಾಲ ಕಿವಿಯ ಪಾಠಶಾಲೆಯಾಗಿತ್ತು. ಬಯಲಾಟದಲ್ಲಿ ಗುರುವಿನ ಬಾಯಿಯೇ ಗ್ರಂಥ. ವೃತ್ತಿ ನಾಟಕ ಮಂಡಳಿಗಳಲ್ಲಿ ಹುಡುಗರು ಚಿಕ್ಕಂದಿನಲ್ಲಿಯೇ ಸೇರಿ, ಹಿರಿಯರು ಆಡುವುದನ್ನು ದಿನವೂ ಕೇಳಿ ಕಲಿಯುತ್ತಿದ್ದರು. ಮರೆತವರಿಗೆ ಪಕ್ಕದ ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವವರಿರುತ್ತಿದ್ದರು. ಶಾಲೆಯ ಓದನ್ನು ಬಾಲ್ಯದಲ್ಲಿಯೇ ಬಿಟ್ಟು ಗುಬ್ಬಿ ಕಂಪನಿಯಲ್ಲಿ ಬೆಳೆದ ರಾಜಕುಮಾರರು, 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದಿಂದ ಮೊದಲುಗೊಂಡು, ಕನ್ನಡದ ಉಚ್ಚಾರಣೆಗೆ ನಾಡಿಗೇ ಮೇಲ್ಪಂಕ್ತಿಯಾದರು. ನಾಟಕ ಬರೆದವರಲ್ಲಿಯೂ ಕಿವಿಯೇ ಮುಂದಾದವರುಂಟು. ಟಿ. ಪಿ. ಕೈಲಾಸಂ ಅವರು ತಮ್ಮ ನಾಟಕಗಳನ್ನು ತಲೆಯಲ್ಲಿಟ್ಟುಕೊಂಡು ಬಾಯಿಂದ ಹೇಳುತ್ತಿದ್ದರು, ಇತರರು ಬರೆದುಕೊಳ್ಳುತ್ತಿದ್ದರು ಎಂಬುದು ಪ್ರಸಿದ್ಧವಾಗಿದೆ. ಅಂದಮೇಲೆ ಹಾಳೆಯ ಮೇಲಿರುವ ನಾಟಕವು ಮೊದಲು ಒಬ್ಬರ ಬಾಯಲ್ಲಿದ್ದ ಮಾತು. ಓದುವವನು ಅದನ್ನು ಮರಳಿ ಬಾಯಿಗೆ ತರುವನೇ ಹೊರತು ಹೊಸದೇನನ್ನೂ ಮಾಡುವುದಿಲ್ಲ.

ಬಳ್ಳಾರಿಯವರಿಗೆ ಈ ಮಾತನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ. ಬಳ್ಳಾರಿ ರಾಘವರೆಂದು ಹೆಸರಾದ ತಾಡಿಪತ್ರಿ ರಾಘವಾಚಾರ್ಯರು (1880-1946) ವೃತ್ತಿಯಿಂದ ವಕೀಲರು. ಕಾಗದಪತ್ರಗಳನ್ನು ಓದಿ ಅರ್ಥಮಾಡಿಕೊಂಡು, ಅದನ್ನು ಕೇಳುವವರಿಗೆ ಮನಮುಟ್ಟುವಂತೆ ಹೇಳುವುದೇ ವಕೀಲರ ಕೆಲಸ. ಅವರು ತೆಲುಗು, ಕನ್ನಡ, ಇಂಗ್ಲಿಷು ಮೊದಲಾದ ಭಾಷೆಗಳಲ್ಲಿ ನಟಿಸಿದರು. ರಾಗವಾಗಿ ಕೂಗಿ ಹೇಳುವುದೇ ನಟನೆಯೆಂದು ಜನ ತಿಳಿದಿದ್ದ ದಿನಗಳಲ್ಲಿ ಸಹಜವಾದ ಮಾತಿನ ಧಾಟಿಯನ್ನು ರಂಗಕ್ಕೆ ತಂದವರಲ್ಲಿ ಅವರು ಪ್ರಮುಖರು. ಹಾಳೆಯನ್ನು ಕೈಯಲ್ಲಿ ಹಿಡಿದವನು ಸಾಧಿಸಬೇಕಾದುದೂ ಈ ಸಹಜತೆಯನ್ನೇ.

ಕಿವಿಯ ಪಾಠಶಾಲೆಯ ಜೊತೆಗೆ ಹಾಳೆಯ ಪಾಠಶಾಲೆಯು ಬಂದುದಕ್ಕೆ ಬಾನುಲಿಯು ಒಂದು ಕಾರಣ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಬಾನುಲಿಯ ನಟನಿಗೆ ವೇಷವಿಲ್ಲ, ಕುಣಿತವಿಲ್ಲ. ಹಾಳೆಯನ್ನು ನೋಡಿಯೇ ನಟಿಸುವುದು ಅಲ್ಲಿಯ ಕ್ರಮ. ಈಗ ಹೊಸಪೇಟೆಯಲ್ಲಿಯೇ ಆಕಾಶವಾಣಿಯ ಕೇಂದ್ರವಿದೆ. ಇತ್ತ 1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಹುಟ್ಟಿದುವು, ಕಲಬುರಗಿಯಲ್ಲಿಯೂ ರಂಗಾಯಣವಿದೆ. ಚಿತ್ರಗಳಿಗೂ ಧಾರಾವಾಹಿಗಳಿಗೂ ಕಂಠದಾನ ಮಾಡುವವರ ಕೆಲಸವೂ ಬೆಳೆದಿದೆ. ಒಂದೊಂದು ಕಡೆಯ ಪರೀಕ್ಷೆಯ ಕ್ರಮ ಒಂದೊಂದು ಬಗೆಯದು. ಆದರೆ ಕಾಣದ ಹಾಳೆಯನ್ನು ಕಂಡೊಡನೆ ಓದಬಲ್ಲವನಿಗೆ ಎಲ್ಲಿಯೂ ನಷ್ಟವಿಲ್ಲ.

ಓದುವಾಗ ಕಣ್ಣು ಮಾಡುವ ಕೆಲಸವನ್ನು ಸ್ವಲ್ಪ ತಿಳಿಯೋಣ. ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ. ಗುಬ್ಬಚ್ಚಿಯಂತೆ ಹಾರಿ ಹಾರಿ ಕೂರುವುದು. ಒಂದೊಂದು ಕಡೆ ಕೂರುವ ಕಾಲ ಸುಮಾರು ಕಾಲು ಸೆಕೆಂಡು. ಗಟ್ಟಿಯಾಗಿ ಓದುವವನ ಕಣ್ಣು ಅವನ ನಾಲಗೆಗಿಂತ ಯಾವಾಗಲೂ ಮುಂದಿರುವುದು. ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ಗೈ ಬಸ್ವೆಲ್ ಎಂಬ ವಿದ್ವಾಂಸರು ಕಣ್ಣಿನ ಚಲನೆಯನ್ನೂ ಧ್ವನಿಯನ್ನೂ ಒಟ್ಟಿಗೆ ದಾಖಲೆಮಾಡಿ, ಈ ಅಂತರದ ವಿಷಯವಾಗಿ 1920ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಚೆನ್ನಾಗಿ ಓದುವವರಲ್ಲಿ ಈ ಅಂತರ ಹೆಚ್ಚು, ತಡವರಿಸುವವರಲ್ಲಿ ಕಡಿಮೆ ಎಂಬುದು ಅದರಿಂದ ತಿಳಿದುಬಂದಿತು. ಕಣ್ಣು ಮುಂದಿನ ಮಾತನ್ನು ಕಂಡು ಬಂದು ಸುದ್ದಿ ಹೇಳಿದರೆ ನಾಲಗೆಯು ಧೈರ್ಯದಿಂದ ನಡೆಯುವುದು. ಕಣ್ಣೂ ನಾಲಗೆಯೂ ಒಂದೇ ಅಕ್ಷರದ ಮೇಲೆ ನಿಂತರೆ ಎರಡೂ ಕುರುಡು.

ಕನ್ನಡದಲ್ಲಿ ಈ ಮುನ್ನೋಟವು ಇನ್ನೂ ಅವಶ್ಯಕ. ನಮ್ಮ ಭಾಷೆಯಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ತುದಿಯಲ್ಲಿರುವುದು. ಹೌದೋ ಅಲ್ಲವೋ ಎಂಬ ತೀರ್ಪೂ ಅಲ್ಲಿಯೇ ಇರುವುದು. "ನಿನ್ನ ಮನೆಯ ಹೊಸ್ತಿಲನ್ನು ತುಳಿಯುವುದಿಲ್ಲ" ಎಂಬುದಕ್ಕೂ "ನಿನ್ನ ಮನೆಯ ಹೊಸ್ತಿಲನ್ನು ತುಳಿಯದೆ ಬಿಡುವುದಿಲ್ಲ" ಎಂಬುದಕ್ಕೂ ಮೊದಲ ಮೂರು ಮಾತು ಒಂದೇ; ಧ್ವನಿ ಮಾತ್ರ ಬೇರೆ. ತುದಿಯನ್ನು ಕಾಣದವನು ಮೊದಲನ್ನು ಹೇಗೆ ನುಡಿಯಬೇಕೆಂದು ತಿಳಿಯಲಾರನು. ನಮ್ಮ ಹುಡುಗನು ಎಡವಿದ್ದು ಈ ಕಲ್ಲಿನ ಮೇಲೆಯೇ. ಇನ್ನು "ತಂದೆ" ಎಂಬುದು ಅಪ್ಪನೂ ಆಗಬಹುದು, "ನೀರು ತಂದೆ" ಎಂಬಲ್ಲಿಯಂತೆ ಕೆಲಸವೂ ಆಗಬಹುದು. "ಊಟ ಮಾಡಿ" ಎಂಬುದು ಉಪಚಾರವಾಗಿ ಮುಗಿಯಬಹುದು. "ಊಟ ಮಾಡಿ ಹೊರಟನು" ಎಂದು ಮುಂದುವರಿಯಲೂಬಹುದು. ಇವನ್ನೆಲ್ಲ ನಿರ್ಣಯಿಸುವುದು ಮುಂದಿನ ಮಾತು.

ಮತ್ತೊಂದು ಸೂಕ್ಷ್ಮವಿದೆ. "ನೀನು ಬಂದೆ", "ನೀನೇ ಬಂದೆ", "ನೀನೂ ಬಂದೆ" ಎಂಬ ಮೂರರಲ್ಲಿ ಒಂದೊಂದು ಸ್ವರದಿಂದ ಭಾವವೇ ಬದಲಾಗುವುದು. ಎಲ್ಲಿ ಒತ್ತಿ ಹೇಳಬೇಕೆಂಬುದನ್ನು ಕನ್ನಡವು ಅಕ್ಷರದಲ್ಲಿಯೇ ಬರೆದಿಟ್ಟಿರುವುದು; ಓದುವವನು ಅದನ್ನು ನುಂಗದಿದ್ದರೆ ಸಾಕು. ಹಾಗೆಯೇ "ನೀನು, ನೀವು, ತಾವು" ಎಂಬುವೂ "ಬಾ, ಬನ್ನಿ, ದಯಮಾಡಿಸಿ" ಎಂಬುವೂ ಮಾತನಾಡುವವರ ಸಂಬಂಧವನ್ನು ತಟ್ಟನೆ ತಿಳಿಸುವುವು. ಆ ಜಗಳದ ಹಾಳೆಯಲ್ಲಿ ತಮ್ಮನು ಕೋಪದಲ್ಲಿಯೂ ಅಣ್ಣನನ್ನು "ನೀವು" ಎಂದೇ ಕರೆದಿದ್ದನು. ಆ ಒಂದು ಮಾತಿನಲ್ಲಿ ಆ ಮನೆಯ ಮರ್ಯಾದೆಯೂ ತಮ್ಮನ ಸಂಕಟವೂ ಅಡಗಿದ್ದುವು. ಅದನ್ನು ಕಂಡಿದ್ದರೆ ಅವನು ಅರಚಬೇಕಾಗಿರಲಿಲ್ಲ. ಗಂಟಲು ಬಿಗಿದು ಹೇಳಿದ್ದರೆ ಸಾಕಾಗಿತ್ತು.

ಈ ಗುಟ್ಟನ್ನು ನಮಗೆ ಹೊಳೆಯಿಸಿದವರು ಪಂಡಿತರಲ್ಲ, ಆ ಹುಡುಗನ ಅಜ್ಜಿ. ಆಕೆಗೆ ಅಕ್ಷರ ಬಾರದು. ಹುಡುಗನು ತನ್ನ ಸೋಲಿನ ಕಥೆಯನ್ನು ಹೇಳುತ್ತ, ಬಾಯಿಪಾಠವಾಗಿದ್ದ ಆ ಮೊದಲ ಹಾಳೆಯನ್ನು ಅಂದು ಓದಿದಂತೆಯೇ ಒಪ್ಪಿಸಿದನು. ಆಕೆ ಕೇಳಿ, "ಅದನ್ನ ಯಾರು ಯಾರಿಗಂದ್ರಪ್ಪಾ? ಯಾಕಂದ್ರು?" ಎಂದರು. ಅವನು ಸುಮ್ಮನಾದನು. ಐದು ನಿಮಿಷದಲ್ಲಿ ಅವನು ಎಲ್ಲ ಮಾತನ್ನೂ ನೋಡಿದ್ದನು. ಈ ಎರಡು ಪ್ರಶ್ನೆಗಳನ್ನು ಮಾತ್ರ ಕೇಳಿಕೊಂಡಿರಲಿಲ್ಲ. ಪರೀಕ್ಷಕರು ಬಯಸುವುದೂ ಅಜ್ಜಿಯು ಕೇಳಿದ್ದನ್ನೇ ಎಂದು ನಮಗೆ ಅಂದು ಮನದಟ್ಟಾಯಿತು.

ಆದುದರಿಂದ ಹಾಳೆಯು ಕೈಗೆ ಬಂದೊಡನೆ ಬಾಯಿಪಾಠಕ್ಕೆ ತೊಡಗಬಾರದು. ಮೊದಲು ಒಮ್ಮೆ ಕೊನೆಯವರೆಗೂ ಮೌನವಾಗಿ ಕಣ್ಣಾಡಿಸತಕ್ಕದ್ದು. ಪ್ರಸಂಗವು ಎಲ್ಲಿ ಮುಗಿಯುವುದೆಂದು ತಿಳಿದರೆ ಎಲ್ಲಿಂದ ಹೊರಡಬೇಕೆಂಬುದು ತಾನಾಗಿ ತಿಳಿಯುವುದು. ಎರಡನೆಯದಾಗಿ, ಯಾರು ಯಾರಿಗೆ ಹೇಳುವರು, ಏನನ್ನು ಬಯಸಿ ಹೇಳುವರು ಎಂದು ಕೇಳಿಕೊಳ್ಳತಕ್ಕದ್ದು. ಮೂರನೆಯದಾಗಿ, ಮನಸ್ಸು ತಿರುಗುವ ಒಂದು ಸ್ಥಳವು ಪ್ರಾಯಶಃ ಎಲ್ಲ ಪ್ರಸಂಗದಲ್ಲಿಯೂ ಇರುವುದು, ಅದನ್ನು ಗುರುತಿಸಿಕೊಳ್ಳತಕ್ಕದ್ದು. ಆವರಣದೊಳಗಿನ ಸೂಚನೆಗಳನ್ನು ನೋಡಿಕೊಂಡು, ಅವು ನುಡಿಯುವುದಕ್ಕಲ್ಲ, ಮಾಡುವುದಕ್ಕೆಂದು ತಿಳಿಯಬೇಕು. ಕಡೆಯದಾಗಿ, ಕಠಿನವಾದ ಹೆಸರನ್ನೂ ದೀರ್ಘ ಸಮಾಸವನ್ನೂ ಒತ್ತಕ್ಷರದ ಗಂಟನ್ನೂ ಎರಡು ಸಲ ತುಟಿಯಲ್ಲಿ ನುಡಿದು ಸಡಿಲಮಾಡಿಕೊಳ್ಳಬೇಕು. ಅರ್ಥ ತಿಳಿಯದ ಮಾತಿದ್ದರೆ ಕೇಳುವುದರಲ್ಲಿ ಅವಮಾನವಿಲ್ಲ.

ಓದುವಾಗ ಹಾಳೆಯನ್ನು ಮುಖಕ್ಕೆ ಮರೆಯಾಗದಂತೆ ಎದೆಯ ಮಟ್ಟದಲ್ಲಿ ಹಿಡಿದು, ಹೆಬ್ಬೆರಳನ್ನು ಓದುವ ಸಾಲಿನ ಅಂಚಿನಲ್ಲಿಟ್ಟರೆ ಸ್ಥಳ ತಪ್ಪುವುದಿಲ್ಲ. ಸಾಲನ್ನು ಕಣ್ಣಿನಲ್ಲಿ ತುಂಬಿಕೊಂಡು ತಲೆಯೆತ್ತಿ, ವಾಕ್ಯದ ಕೊನೆಯ ಮಾತನ್ನು ಎದುರಿನವರ ಮುಖ ನೋಡಿ ಹೇಳಬೇಕು. ಎದುರಿನವರು ತಮ್ಮ ಮಾತನ್ನು ಓದುವಾಗ ನಮ್ಮ ಮುಂದಿನ ಸಾಲನ್ನು ಹುಡುಕುವುದಕ್ಕಿಂತ ಅವರು ಹೇಳುವುದನ್ನು ಕೇಳುವುದು ಲೇಸು. ಕೇಳಿದ ಕಿವಿಯೇ ಉತ್ತರದ ಧ್ವನಿಯನ್ನು ಒದಗಿಸುವುದು. ಅವಸರ ಬೇಡ; ತಡವರಿಸಿ ಬೇಗ ಓದುವುದಕ್ಕಿಂತ ನಿಧಾನವಾಗಿ ಅರ್ಥವತ್ತಾಗಿ ಓದುವುದು ಮೇಲು. ತಪ್ಪಿದಲ್ಲಿ ನಾಲಗೆ ಕಚ್ಚಿ "ಕ್ಷಮಿಸಿ" ಎಂದು ಮೊದಲಿನಿಂದ ಆರಂಭಿಸಬಾರದು. ಮಾತಿನಲ್ಲಿ ತಪ್ಪಿದವರು ತಿದ್ದಿಕೊಂಡು ಮುಂದುವರಿಯುವಂತೆ ಮುಂದುವರಿಯಬೇಕು. ಬಾನುಲಿಯಾದರೆ ಇನ್ನೊಂದು ಎಚ್ಚರ: ಹಾಳೆಗಳು ಬಿಡಿಯಾಗಿರಲಿ, ಮುಗಿದ ಹಾಳೆಯನ್ನು ಸದ್ದಾಗದಂತೆ ಬದಿಗಿಡುವುದನ್ನು ಕಲಿತಿರಬೇಕು.

ಇಷ್ಟನ್ನು ತಿಳಿದ ಮಾತ್ರಕ್ಕೆ ಕಾರ್ಯಸಿದ್ಧಿಯಾಗದು. ನಿತ್ಯವೂ ಅಭ್ಯಾಸ ಬೇಕು. ಅದಕ್ಕೆ ಹಣ ಬೇಡ, ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಹಿಂದೆ ನೋಡದ ಬರಹವನ್ನೇ ಆರಿಸಬೇಕು: ಒಂದು ದಿನ ವೃತ್ತಪತ್ರಿಕೆ, ಒಂದು ದಿನ ಕಥೆ, ಒಂದು ದಿನ ಪೌರಾಣಿಕ ನಾಟಕ, ಒಂದು ದಿನ ಸಾಮಾಜಿಕ ನಾಟಕ. ಮನೆಯವರೊಬ್ಬರು ಒಂದು ರಟ್ಟಿನ ತುಂಡನ್ನು ಹಿಡಿದು, ಓದುವವರು ನುಡಿಯುತ್ತಿರುವ ಮಾತನ್ನೂ ಅದರ ಮುಂದಿನ ಎರಡು ಮಾತುಗಳನ್ನೂ ಥಟ್ಟನೆ ಮುಚ್ಚಲಿ. ಮುಚ್ಚಿದ ಮೇಲೂ ಆ ಮಾತುಗಳನ್ನು ನುಡಿಯಬಲ್ಲರಾದರೆ ಕಣ್ಣು ಮುಂದೆ ನಡೆಯುತ್ತಿದೆಯೆಂದು ತಿಳಿಯಬಹುದು. ಮಕ್ಕಳಿಗೆ ಇದೊಂದು ಆಟವೂ ಆಗುವುದು. ಮೊಬೈಲ್ ಫೋನಿನಲ್ಲಿ ಧ್ವನಿಯನ್ನು ಮುದ್ರಿಸಿಕೊಂಡು ಕೇಳಿದರೆ ಅ-ಹಕಾರ, ಸ-ಶಕಾರ, ಲ-ಳಕಾರಗಳ ದೋಷಗಳೂ, ಅಲ್ಪಪ್ರಾಣ ಮಹಾಪ್ರಾಣಗಳ ಗೊಂದಲವೂ ತಮಗೇ ಗೊತ್ತಾಗುವುವು. ಆದರೆ ಊರ ಮಾತನ್ನು ಕೀಳೆಂದು ಬಗೆದು ಮರೆಯಬಾರದು. ನಮ್ಮ ಸೀಮೆಯ ಮಾತಿನಲ್ಲಿ ಬರೆದ ಪಾತ್ರ ಬಂದಾಗ ಅದೇ ಬಂಡವಾಳ.

ನಮ್ಮ ಹಿರಿಯರ ಮನೆಗಳಲ್ಲಿ ಈ ಅಭ್ಯಾಸಕ್ಕೆ ಗಮಕವೆಂಬ ಹೆಸರಿದ್ದಿತು. ಕುಮಾರವ್ಯಾಸ ಭಾರತವನ್ನಾಗಲಿ ಜೈಮಿನಿ ಭಾರತವನ್ನಾಗಲಿ ಓದಿದವರು ಬಲ್ಲರು: ಷಟ್ಪದಿಯಲ್ಲಿ ಒಂದು ಸಾಲಿನ ತುದಿಯಲ್ಲಿ ಮಾತು ಮುರಿದು ಮುಂದಿನ ಸಾಲಿಗೆ ಹರಿಯುವುದುಂಟು. ಸಾಲಿನ ಕೊನೆಗೆ ನಿಲ್ಲುವವನು ಅರ್ಥವನ್ನು ಕೊಲ್ಲುವನು. ಮುಂದಿನ ಸಾಲನ್ನು ಕಂಡವನು ಮಾತ್ರ ಪದವನ್ನು ಬಿಡಿಸಿ ಓದುವನು. ಕಣ್ಣನ್ನು ಮುಂದಕ್ಕೆ ಓಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನೆ ನಮಗೆ ತೋರದು.

ಅಕ್ಷರಗಳು ಕಣ್ಣಿಗೆ ಕಲಸಿದಂತೆ ಕಾಣುವ ಕೆಲವರಿರುವರು. ಬುದ್ಧಿವಂತರಲ್ಲಿಯೂ ಈ ತೊಡಕುಂಟು. ಅವರು ನಾಚಿಕೆಪಡದೆ ಮುಂಚಿತವಾಗಿ ತಿಳಿಸಿ, ಹಾಳೆಯನ್ನು ಸ್ವಲ್ಪ ಮೊದಲೇ ಕೊಡಬೇಕೆಂದೋ ದೊಡ್ಡ ಅಕ್ಷರದಲ್ಲಿ ಕೊಡಬೇಕೆಂದೋ ಕೇಳಿಕೊಳ್ಳುವುದು ಯುಕ್ತ. ಮನೆಯ ಹಿರಿಯರೂ ಓದಿನಲ್ಲಿ ತಡವರಿಸುವ ಮಗುವನ್ನು ದಡ್ಡನೆಂದು ಜರೆಯಬಾರದು. ಒಮ್ಮೆ ಕಣ್ಣನ್ನೂ ಪರೀಕ್ಷೆ ಮಾಡಿಸಬೇಕು.

ನಮ್ಮ ಹುಡುಗನ ಸಂಗತಿಯನ್ನು ಹೇಳಿ ಮುಗಿಸುವೆವು. ಅಂದಿನಿಂದ ಅವನು ಪ್ರತಿ ಸಂಜೆಯೂ ಅಜ್ಜಿಯ ಎದುರಿಗೆ ಕುಳಿತು ಏನಾದರೊಂದನ್ನು ಓದತೊಡಗಿದನು. ಮೊದಮೊದಲು ಆಕೆ ಸಾಲಿಗೊಂದು ಸಲ, "ಯಾರಂದ್ರಪ್ಪಾ?" ಎಂದು ತಡೆಯುತ್ತಿದ್ದರು. ಕೆಲವು ತಿಂಗಳಲ್ಲಿ ಆ ಪ್ರಶ್ನೆ ವಿರಳವಾಯಿತು. ಮರುವರ್ಷ ಅವನು ಇನ್ನೊಂದೂರಿನ ಆಯ್ಕೆಗೆ ಹೋದಾಗ, ಮೊದಲ ಹಾಳೆ ಮುಗಿದ ಮೇಲೆ ಅವನ ಕೈಗೆ ಎರಡನೆಯ ಹಾಳೆಯನ್ನೂ ಕೊಟ್ಟರು. ದೊರೆತ ಪಾತ್ರವು ಚಿಕ್ಕದು, ಸಂಬಳವೂ ಚಿಕ್ಕದೇ. ಆದರೆ ತನಗೆ ನಟನೆ ಬಾರದೆಂಬ ಮಾತನ್ನು ಅವನು ಮತ್ತೆ ಆಡಲಿಲ್ಲ. ಆ ವರ್ಷದ ಆಟದಲ್ಲಿ ಅಭಿಮನ್ಯುವಿಗೂ ಅವನೇ ಬಣ್ಣ ಹಚ್ಚಿದನು.

ಅಕ್ಷರ ಬಾರದ ಹಿರಿಯರು, ದೃಷ್ಟಿ ಕುಂದಿದ ವೃದ್ಧರು ಪ್ರಾಯಶಃ ಪ್ರತಿಯೊಂದು ಮನೆಯಲ್ಲಿಯೂ ಒಬ್ಬರಾದರೂ ಇರುವರು. ಅವರಿಗೆ ದಿನವೂ ಒಂದು ಪುಟವನ್ನು ಓದಿ ಹೇಳುವ ಕೆಲಸವನ್ನು ಮನೆಯ ಹುಡುಗ ಹುಡುಗಿಯರಿಗೆ ಒಪ್ಪಿಸಿ ನೋಡಿರಿ. ಹಿರಿಯರಿಗೆ ಹೊತ್ತು ಕಳೆಯುವುದು. ಕಿರಿಯರಿಗೆ ವಿದ್ಯೆ ಬರುವುದು. ಅವರು ನಟರಾಗದಿದ್ದರೂ ಚಿಂತೆಯಿಲ್ಲ. ಬರೆದ ಮಾತಿನ ಹಿಂದೆ ಒಬ್ಬ ಮನುಷ್ಯನಿರುವನು, ಅವನು ಇನ್ನೊಬ್ಬ ಮನುಷ್ಯನಿಗೆ ಹೇಳುತ್ತಿರುವನು ಎಂಬುದನ್ನು ಅವರು ಎಂದೂ ಮರೆಯಲಾರರು.